ಬಲಕ್ಕೆ ಕೂತ ಸ್ಟೀರಿಂಗ್

ಹಲ್ಲಕ್ಕನ ಮನೆಯ ಗೋಡೆ ಕಪಾಟಿನಲ್ಲಿ ಹದಿನೆಂಟು ಅಮೆರಿಕನ್ ಕಾರುಗಳಿವೆ. ಒಂದೊಂದೂ ಒಂದು ಗೇಣು ಉದ್ದ. ಕೆಲವಕ್ಕೆ ಹಿಂದುಗಡೆ ಮೀನಿನ ರೆಕ್ಕೆಯಂಥ ಅಂಚುಗಳು, ಕೆಲವಕ್ಕೆ ಮುಂದುಗಡೆ ಹಲ್ಲು ಕಿರಿದಂತೆ ಕಾಣುವ ಜಾಲರಿ. ಎಲ್ಲವೂ ಹಳೆಯ ಕಾಲದ ಗಾಡಿಗಳ ನಕಲುಗಳು. ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿ ಪ್ಲಾಸ್ಟಿಕ್ ಭಾಗಗಳಾಗಿ ಬಂದು, ಅವಳ ಕೈಯಲ್ಲಿ ಅಂಟಿಸಿಕೊಂಡು, ಬಣ್ಣ ಬಳಿಸಿಕೊಂಡು ಕಾರುಗಳಾದವು. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಹಾಗಾಗಿ ಅಲ್ಲಿಯ ಕಾರಿನ ಸ್ಟೀರಿಂಗ್ ಎಡಕ್ಕಿರುತ್ತದೆ ಎಂಬುದು ಈ ಹವ್ಯಾಸದವರಿಗೆಲ್ಲ ಗೊತ್ತು. ಹಲ್ಲಕ್ಕನಿಗೂ ಚೆನ್ನಾಗಿ ಗೊತ್ತು. ಆದರೂ ಆ ಹದಿನೆಂಟರಲ್ಲಿ ಒಂದರ ಸ್ಟೀರಿಂಗೂ ಎಡಕ್ಕಿಲ್ಲ.

ಹಲ್ಲಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ದುಡಿಮೆ ಕೊಟ್ಟದ್ದು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವಳು ಅದರ ಮೇಲೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಕೂರಿಸುತ್ತಿದ್ದಳು. ಉಳಿದವರು ಮುತ್ತು ಪೋಣಿಸಿದಂತೆ ನೆಟ್ಟಗೆ ಕೂರಿಸಿ ಕೈತೊಳೆದುಕೊಂಡರೆ, ಇವಳು ರೋಗಿಯ ಹಳೆಯ ಫೋಟೋ ತರಿಸುವಳು. ಮುಂದಿನ ಹಲ್ಲು ಸ್ವಲ್ಪ ವಾಲಿದ್ದರೆ ಇವಳೂ ಅಷ್ಟೇ ವಾಲಿಸುವಳು. "ನೆಟ್ಟಗೆ ಕೂರಿಸಿದ್ರೆ ಚೆಂದ ಕಾಣ್ತಾರೆ ಸರಿ, ಆದ್ರೆ ಅವರು ಬೇರೆ ಯಾರೋ ಆಗಿಬಿಡ್ತಾರಲ್ಲ" ಎಂದು ಮಾಲೀಕರಿಗೇ ಉತ್ತರ ಕೊಟ್ಟವಳು. ಸೆಟ್ಟು ಹಾಕಿಕೊಂಡು ಮನೆಗೆ ಹೋದ ಮುದುಕರ ಮೊಮ್ಮಕ್ಕಳು ಗುರುತು ಹಿಡಿದು ಓಡಿ ಬಂದರೆಂಬ ಸುದ್ದಿ ಬಂದ ಮೇಲೆ ಮಾಲೀಕರೂ ಸುಮ್ಮನಾದರು. ಹೊರಗೆ ಅವಳು ಹಲ್ಲಕ್ಕ. ಮನೆಯಲ್ಲಿ ಮಾತ್ರ ಎಡಚಿ, ಏಕೆಂದರೆ ಅವಳ ಕೆಲಸವೆಲ್ಲ ಎಡಗೈಯದು.

ಈ ಕಾರಿನ ಕಥೆ ಶುರುವಾದದ್ದು ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ. ಸರಕಿನ ಹಡಗಿನಲ್ಲಿ ಅಡುಗೆಯವನಾಗಿದ್ದ ಸೋದರಮಾವ ಅವಳ ಅಣ್ಣನಿಗೆಂದು ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ಐವತ್ತೇಳನೇ ಇಸವಿಯ ಷೆವರ್ಲೆ ಕಾರಿನ ಬಿಡಿಭಾಗಗಳು. ಆಗ ಅಣ್ಣನಿಗೆ ಹದಿನೇಳು. ಮೊದಲ ದಿನವೇ ಅವನ ಹೆಬ್ಬೆರಳು ಬಾನೆಟ್ಟಿಗೆ ಅಂಟಿಕೊಂಡಿತು. ಕಿತ್ತು ಬಿಡಿಸಿಕೊಂಡ ಮೇಲೆ "ಇದು ಹುಚ್ಚರ ಕೆಲಸ" ಎಂದು ಪೆಟ್ಟಿಗೆಯನ್ನು ಮಂಚದಡಿಗೆ ಒದ್ದು ಆಟಕ್ಕೆ ಹೊರಟುಹೋದ. ತಂಗಿ ಅದನ್ನು ಎಳೆದುಕೊಂಡು ಮೆಟ್ಟಿಲ ಕೆಳಗಿನ ಮೂಲೆಗೆ ಒಯ್ದಳು. ಅಲ್ಲಿ ಮಧ್ಯಾಹ್ನ ಒಂದು ಗಂಟೆ ಹೊತ್ತು ಗವಾಕ್ಷಿಯಿಂದ ಬಿಸಿಲು ಬೀಳುತ್ತಿತ್ತು. ದಿನಕ್ಕೆ ಒಂದು ಗಂಟೆಯಂತೆ ಹನ್ನೊಂದು ದಿನ ಹಿಡಿಯಿತು.

ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಯಲ್ಲಿ ಸ್ಟೀರಿಂಗ್ ಎಡಕ್ಕಿತ್ತು. ಹುಡುಗಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಎದ್ದು ಹೋಗಿ ಹೊಸ್ತಿಲಲ್ಲಿ ನಿಂತು ಬೀದಿಯನ್ನೂ ನೋಡಿದಳು. ಹಾಲಿನ ವ್ಯಾನು ಹೋಯಿತು, ಬಸ್ಸು ಹೋಯಿತು, ಡಾಕ್ಟರ ಕಾರು ಹೋಯಿತು. ಎಲ್ಲ ಡ್ರೈವರುಗಳೂ ಬಲಗಡೆಗೇ ಕೂತಿದ್ದರು. ಒಳಗೆ ಬಂದು ಕಾರಿಗೇ ಹೇಳಿದಳು: "ನೋಡು, ಅಲ್ಲಿ ಹೇಗಾದ್ರೂ ಇರು. ನಮ್ಮ ಬೀದಿಗೆ ಬಂದ ಮೇಲೆ ನಮ್ಮ ಹಾಗೆ ನಡೀಬೇಕು."

ಹೇಳಿದಷ್ಟು ಸುಲಭದ ಕೆಲಸವಾಗಿರಲಿಲ್ಲ ಅದು. ಅಪ್ಪನ ಗಡ್ಡದ ಬ್ಲೇಡಿನಿಂದ ಡ್ಯಾಶ್‌ಬೋರ್ಡನ್ನು ಮೂರು ತುಂಡು ಮಾಡಿ, ಎರಡು ತುದಿಗಳನ್ನು ಅದಲುಬದಲು ಮಾಡಿದಳು. ಕಾಯಿಸಿದ ಸೂಜಿಯಿಂದ ಬಲಕ್ಕೆ ಹೊಸ ತೂತು ಕೊರೆದು, ಎಡದ ತೂತಿಗೆ ಚೂರು ಪ್ಲಾಸ್ಟಿಕ್ ಕರಗಿಸಿ ತುಂಬಿದಳು. ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನೇ ಬಳಿದಳು. ಕೊನೆಗೆ ಕಾರನ್ನು ಊಟದ ಮೇಜಿನ ಮೇಲೆ ಇಟ್ಟಾಗ ಮನೆಗೆ ನೆಂಟರು ಬಂದಿದ್ದರು. ಪೆಟ್ಟಿಗೆ ಬಂದದ್ದು ಮಗನಿಗೆ ಎಂಬುದಷ್ಟೇ ಗೊತ್ತಿದ್ದ ಅಪ್ಪ "ನಮ್ಮ ಹುಡುಗ ಮಾಡಿದ್ದು" ಎಂದು ಎದೆಯುಬ್ಬಿಸಿ ಹೇಳಿಬಿಟ್ಟರು. ಅಣ್ಣ ಒಮ್ಮೆ ತಂಗಿಯ ಮುಖ ನೋಡಿದ. ಆಮೇಲೆ ತಲೆಯೆತ್ತಿ ಸೂರಿನ ತೊಲೆ ಎಣಿಸತೊಡಗಿದ.

ಅಣ್ಣ ಕೆಟ್ಟವನಲ್ಲ. ಆ ಹೊಗಳಿಕೆಗೆ ತಕ್ಕವನಾಗಬೇಕೆಂದೋ ಏನೋ, ಮರುವರ್ಷದಿಂದ ನಿಜವಾಗಿಯೂ ಕಲಿಯಲು ಕುಳಿತ. ನಡುವಯಸ್ಸಿಗೆ ಬರುವಷ್ಟರಲ್ಲಿ ಅವನ ಕೈಕೆಲಸ ನೋಡಲು ಬೇರೆ ಊರುಗಳಿಂದ ಜನ ಬರುತ್ತಿದ್ದರು. ಅಮೆರಿಕನ್ ಕಾರುಗಳ ಮಾದರಿ ಮಾಡುವವರದೇ ಒಂದು ಸಂಘ ಕಟ್ಟಿದ. ವರ್ಷಕ್ಕೊಮ್ಮೆ ಪ್ರದರ್ಶನ ನಡೆಸಿದ. ಪ್ರತಿ ಕಾರಿನ ಮುಂದೆಯೂ ಒಂದು ಚೀಟಿ ಇರಬೇಕು, ಅದರಲ್ಲಿ ಕಾರಿನ ಹೆಸರು, ಮಾಡಿದವರ ಹೆಸರು, ಕೊನೆಗೆ ದೋಷ ಎಂಬ ಕಾಲಂ ಇರಬೇಕು, ದೋಷವನ್ನು ಮಾಡಿದವರೇ ಸ್ವಂತ ಕೈಯಿಂದ ಬರೆಯಬೇಕು ಎಂಬ ಕಟ್ಟಳೆಯೂ ಅವನದೇ. ತನ್ನ ದೋಷ ತನಗೇ ಕಾಣದವನು ಬ್ಲೇಡು ಹಿಡಿಯಬಾರದು ಎನ್ನುತ್ತಿದ್ದ. ಬಣ್ಣ ಎಲ್ಲಿ ಸೋರಿದೆ, ಚಕ್ರ ಎಲ್ಲಿ ಓರೆಯಾಗಿದೆ ಎಂದು ಎಲ್ಲರೂ ತಲೆತಗ್ಗಿಸಿ ಬರೆಯುತ್ತಿದ್ದರು. ಮೊದಲ ಮೇಜಿನ ಮೇಲೆ ಪ್ರತಿವರ್ಷ ಹಸಿರು ಷೆವರ್ಲೆ ಕೂರುತ್ತಿತ್ತು. ದೋಷದ ಕಾಲಮಿನಲ್ಲಿ ಅಣ್ಣ ದಪ್ಪಕ್ಷರದಲ್ಲಿ ಬರೆಯುತ್ತಿದ್ದ: "ಸ್ಟೀರಿಂಗ್ ತಪ್ಪು ಕಡೆ ಇದೆ. ಆಗ ನನಗೆ ಎಡ ಬಲ ಗೊತ್ತಿರಲಿಲ್ಲ." ಜನ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಮ್ಮೆ ಹಲ್ಲಕ್ಕ ಅವನನ್ನು ಪಕ್ಕಕ್ಕೆ ಕರೆದಳು. "ಅಣ್ಣ, ಅದು ತಪ್ಪಲ್ಲ ಕಣೋ."

"ಬಿಡೇ ಎಡಚಿ. ನಿನ್ನ ತಪ್ಪನ್ನ ನನ್ನ ತಲೆ ಮೇಲೆ ಹಾಕ್ಕೊಂಡು ಊರ ಕೈಲೆಲ್ಲಾ ನಗಿಸ್ಕೊಳ್ತಾ ಇದ್ದೀನಿ. ಇಷ್ಟು ಒಳ್ಳೆ ಅಣ್ಣ ಸಾಲದಾ ನಿನಗೆ?"

ಅವನು ತಮಾಷೆಗೆ ಹೇಳಲಿಲ್ಲ, ಮನಸಾರೆ ಹೇಳಿದ. ಹೆಸರು ಹೋದದ್ದಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಚುಚ್ಚಿತು. ಅದೇ ವಾರ ಅವಳೂ ಒಂದು ಪೆಟ್ಟಿಗೆ ಕೊಂಡು ತಂದು, ಎಲ್ಲಕ್ಕಿಂತ ಮೊದಲು ಅದರ ಸ್ಟೀರಿಂಗನ್ನು ಬಲಕ್ಕೆ ಕೂರಿಸಿದಳು. ಹಾಗೆ ಶುರುವಾದದ್ದು ಹದಿನೆಂಟಕ್ಕೆ ಬಂದು ನಿಂತಿದೆ. ಸಂಘಕ್ಕೆ ಮಾತ್ರ ಅವಳು ಸೇರಲಿಲ್ಲ.

ಹೋದ ವರ್ಷ ಅಣ್ಣ ತೀರಿಕೊಂಡ. ಈ ವರ್ಷ ಸಂಘವು ಹೊಸ ಕೋಣೆಗೆ ಸಾಮಾನು ಸಾಗಿಸುವಾಗ ಗಾಜಿನ ಬೀರುವಿನ ಹಲಗೆ ಜಾರಿ ಹಸಿರು ಷೆವರ್ಲೆ ನೆಲಕ್ಕೆ ಬಿತ್ತು. ಮಾರನೆಯ ದಿನ ಬೆಳಿಗ್ಗೆ ಸಂಘದ ಅಧ್ಯಕ್ಷರು ಬೂಟಿನ ಡಬ್ಬವೊಂದನ್ನು ಎದೆಗೆ ಅವುಚಿಕೊಂಡು ಹಲ್ಲಕ್ಕನ ಬಾಗಿಲಿಗೆ ಬಂದರು. ಅವರು ಜಮೀನು ಅಳೆಯುವ ಇಲಾಖೆಯಲ್ಲಿದ್ದು ನಿವೃತ್ತರಾದವರು. ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಅಳತೆಯ ಕ್ಯಾಲಿಪರ್ ಇದ್ದೇ ಇರುತ್ತದೆ. ಅಳತೆ ಸಾಹೇಬರು ಎಂದೇ ಅವರ ಹೆಸರು.

"ಹದಿನಾಲ್ಕು ಚೂರು. ನಾನೇ ಎಣಿಸಿದ್ದೀನಿ" ಎಂದರು ಸಾಹೇಬರು. "ಪ್ರದರ್ಶನಕ್ಕೆ ನಾಲ್ಕು ವಾರ ಇದೆ. ಇದನ್ನ ಜೋಡಿಸೋದಿದ್ರೆ ನಿಮ್ಮ ಕೈಲೇ ಅಂತ ಎಲ್ರೂ ಹೇಳಿದ್ರು."

"ಆಗತ್ತೆ. ಬಿಟ್ಟು ಹೋಗಿ."

"ಹೇಗೂ ಬಿಚ್ಚಿಕೊಂಡಿದೆ, ಆ ಸ್ಟೀರಿಂಗ್ ಒಂದನ್ನ ಎಡಕ್ಕೆ ತಂದುಬಿಡಿ. ಆ ಕಿಟಕಿ ಬಣ್ಣಾನೂ ಕೆರೆದು ಹಾಕಿ. ಸಂಘಕ್ಕೆ ಮೂವತ್ತು ವರ್ಷ ತುಂಬತ್ತೆ. ಸ್ಥಾಪಕರ ಮೊದಲ ಕಾರೇ ತಪ್ಪಾಗಿದ್ರೆ ಹೇಗೆ ಹೇಳಿ?"

"ಸಾಹೇಬ್ರೇ, ಇದನ್ನ ರಿಪೇರಿಗೆ ತಂದಿದ್ದೀರೋ, ತಿದ್ದೋದಕ್ಕೆ ತಂದಿದ್ದೀರೋ?"

"ಎರಡೂ ಒಂದೇ ಅಲ್ವಾ?"

"ಅಲ್ಲ. ಬಿದ್ದಿರೋದನ್ನ ಎತ್ತಿ ನಿಲ್ಲಿಸ್ತೀನಿ. ಎಡಕ್ಕೆ ತರಲ್ಲ."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಹಲ್ಲಕ್ಕ ಅಭ್ಯಾಸಬಲದಿಂದ ಅವರ ಹಲ್ಲನ್ನೇ ದಿಟ್ಟಿಸಿದಳು. ಅವರು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದರು.

ಕೆಲಸಕ್ಕೆ ಕೂತಳು. ಬಣ್ಣ ಕೆರೆಯಲಿಲ್ಲ, ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ವರ್ಷಗಳ ಧೂಳನ್ನು ಒರೆಸಿದಳು. ಹಸಿರು ಬಣ್ಣದಲ್ಲಿ ಅಂಟಿಕೊಂಡಿದ್ದ ಕುಂಚದ ಕೂದಲೊಂದು ಅಲ್ಲೇ ಇತ್ತು, ಅದನ್ನೂ ಮುಟ್ಟಲಿಲ್ಲ. ಮುಂದಿನ ಬಂಪರಿನ ಎರಡು ಗುಬುಟುಗಳಲ್ಲಿ ಒಂದು ಎಲ್ಲೋ ಕಳೆದುಹೋಗಿತ್ತು. ಅವಳಿಗೆ ಅದೇನು ದೊಡ್ಡದು? ಉಳಿದದ್ದರ ಅಚ್ಚನ್ನು ಹಲ್ಲಿನ ಅಚ್ಚು ತೆಗೆದಂತೆಯೇ ತೆಗೆದು, ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಪುಡಿಯನ್ನೇ ಕಲಸಿ ಎರೆದಳು. ಬೆಳ್ಳಿ ಬಣ್ಣ ಬಳಿಯುವ ತನಕ, ಒಂದು ದಿನವಿಡೀ, ಷೆವರ್ಲೆಗೆ ಒಂದು ಕಡೆ ಗುಲಾಬಿ ವಸಡು ಮೂಡಿದಂತೆ ಕಾಣುತ್ತಿತ್ತು.

ಮೂರನೆಯ ದಿನ ಡ್ಯಾಶ್‌ಬೋರ್ಡಿನ ಕೆಳಗೆ ದೀಪ ಹಿಡಿದಾಗ ಅವಳೇ ಮರೆತುಬಿಟ್ಟಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾರು ಇಡಿಯಾಗಿದ್ದಾಗ ಯಾರಿಗೂ ಕಾಣದ ಜಾಗವದು. ಎಡಗಡೆ ನೆಲದಲ್ಲಿ ಪೆಡಲುಗಳನ್ನು ಕೆರೆದು ಸಪಾಟು ಮಾಡಲಾಗಿತ್ತು. ಬಲಗಡೆ ಬೆಂಕಿಕಡ್ಡಿಯ ಚೂರುಗಳಿಂದ ಮಾಡಿದ ಮೂರು ಪೆಡಲುಗಳು ಸಾಲಾಗಿ ಅಂಟಿದ್ದವು: ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಹಲ್ಲಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು. ಎಡ ಬಲ ಗೊತ್ತಿಲ್ಲದೆ ಸ್ಟೀರಿಂಗ್ ತಪ್ಪಿ ಅಂಟಿಸಬಹುದು. ತಪ್ಪಿ ಯಾರಾದರೂ ಪೆಡಲನ್ನು ಕೂಡ ಎತ್ತಿ ಆಚೆ ಇಡುತ್ತಾರೆಯೇ?

ಸುದ್ದಿ ಅತ್ತಿಗೆಯ ಕಿವಿಗೆ ಬೀಳಲು ತಡವಾಗಲಿಲ್ಲ. ಅತ್ತಿಗೆ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟುಕೊಂಡವರು. ಕತ್ತರಿಯಷ್ಟೇ ಹರಿತ ನಾಲಿಗೆ. ಭಾನುವಾರ ಮಧ್ಯಾಹ್ನ ಬಂದು ನಿಂತಲ್ಲಿಂದಲೇ ಶುರು ಮಾಡಿದರು.

"ಏನೇ, ಸಾಹೇಬ್ರ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂದ್ಯಂತೆ?"

"ಎಡಕ್ಕೆ ತರಲ್ಲ ಅಂದೆ."

"ತಂದ್ರೆ ನಿನ್ನ ಗಂಟೇನು ಹೋಗತ್ತೆ?"

"ಅತ್ತಿಗೆ, ಕೂತ್ಕೊಳ್ಳಿ. ಆ ಕಾರು ಅಣ್ಣ ಮಾಡಿದ್ದಲ್ಲ. ನಾನು ಮಾಡಿದ್ದು."

ಅತ್ತಿಗೆ ಕೂರಲಿಲ್ಲ. ಕೈಚೀಲವನ್ನು ಮಾತ್ರ ನಿಧಾನವಾಗಿ ಕೆಳಗಿಟ್ಟರು. "ಅವರು ಹೋಗಿ ಸರಿಯಾಗಿ ಒಂದು ವರ್ಷ ಆಗಿಲ್ಲ. ಈಗ ಹೇಳ್ತೀಯಾ ಇದನ್ನ? ಬದುಕಿದ್ದಾಗ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹಲ್ಲು ಕಚ್ಕೊಂಡಿದ್ದೆ."

"ತಮಾಷೆ ಬೇಡ."

"ತಮಾಷೆ ಅಲ್ಲ. ಇಲ್ಲಿ ನೋಡಿ." ಹಲ್ಲಕ್ಕ ಭೂತಗನ್ನಡಿಯನ್ನೂ ಡ್ಯಾಶ್‌ಬೋರ್ಡಿನ ತುಂಡನ್ನೂ ಅತ್ತಿಗೆಯ ಕೈಗಿಟ್ಟಳು. "ನೀವು ಬಟ್ಟೆ ಕತ್ತರಿಸೋರು, ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ಲೇಡಿನ ಗೀರು ಯಾವ ಕಡೆಗೆ ವಾಲಿದೆ?"

ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ತಮ್ಮ ಬಲಗೈಯಲ್ಲಿ ಬ್ಲೇಡು ಹಿಡಿದವರಂತೆ ಗಾಳಿಯಲ್ಲೇ ಒಮ್ಮೆ ಗೀರಿ, ಆಮೇಲೆ ಎಡಗೈಯಲ್ಲೂ ಗೀರಿದರು. ಅವರ ಅಂಗಡಿಯಲ್ಲಿ ಹಿಂದೆ ಎಡಗೈಯಲ್ಲಿ ಕತ್ತರಿಸುವವಳೊಬ್ಬಳಿದ್ದಳು. ಅವಳು ಕತ್ತರಿಸಿದ ಅಂಗಿಯ ತೋಳುಗಳನ್ನು ರಾಶಿಯ ನಡುವಿನಿಂದಲೂ ಹೆಕ್ಕಿ ತೆಗೆಯಬಲ್ಲವರಾಗಿದ್ದರು ಅತ್ತಿಗೆ.

"ಎಡಗೈ" ಎಂದರು ಕೊನೆಗೆ. ತುಂಡನ್ನು ಮೇಜಿನ ಮೇಲಿಟ್ಟರು. "ಇರಬಹುದು. ಆದ್ರೂ ಊರೆದುರಿಗೆ ಅವರನ್ನ ಸುಳ್ಳುಗಾರ ಅಂತ ಕರೆಸ್ಬೇಡ."

"ಸುಳ್ಳುಗಾರ ಅಂತ ಯಾರಂದ್ರು? ಹೆಸರಿನ ವಿಷಯದಲ್ಲಿ ಅವನು ಬಾಯಿ ಬಿಡಲಿಲ್ಲ, ಅಷ್ಟೇ. ಅದನ್ನ ನಾನು ಎಂದೋ ನುಂಗಿಕೊಂಡೆ. ಆದ್ರೆ ಅದು ತಪ್ಪು ಅಂತ ಅವನು ನಿಜವಾಗ್ಲೂ ನಂಬಿದ್ದ ಅತ್ತಿಗೆ. ನಾನು ಬೇಕಂತಲೇ ಮಾಡಿದ್ದನ್ನ ಇಷ್ಟು ವರ್ಷ ಊರೆಲ್ಲಾ ತಪ್ಪು ಅಂತ ನಕ್ಕಿದ್ದಾರೆ. ಅದನ್ನ ನುಂಗೋಕೆ ಆಗ್ತಿಲ್ಲ."

ಅತ್ತಿಗೆ ಕೈಚೀಲ ಎತ್ತಿಕೊಂಡರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕುಡಿಯದೆ ಹೊರಟುಹೋದರು.

ಪ್ರದರ್ಶನ ನಡೆದದ್ದು ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಉದ್ದನೆಯ ಮೇಜುಗಳಿಗೆ ಬಟ್ಟೆ ಹಾಸಿ ಆಗಿತ್ತು. ಹಲ್ಲಕ್ಕ ಹಸಿರು ಷೆವರ್ಲೆಯನ್ನು ಮೊದಲ ಮೇಜಿನ ಮೇಲಿಟ್ಟು, ಖಾಲಿ ಚೀಟಿ ಕೇಳಿ ಪಡೆದು, ಎಡಗೈಯಲ್ಲಿ ಬರೆದಳು. ಮಾಡಿದವರು ಎಂಬಲ್ಲಿ ತನ್ನ ಹೆಸರು, ಪಕ್ಕದಲ್ಲಿ "ವಯಸ್ಸು ಹದಿನಾಲ್ಕು." ದೋಷ ಎಂಬಲ್ಲಿ "ಇಲ್ಲ."

ಅಳತೆ ಸಾಹೇಬರು ಬಂದು ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಇದೇನು ಹೊಸ ಕಥೆ?"

"ಹಳೇ ಕಥೇನೇ. ಬಗ್ಗಿ ನೋಡಿ." ಹಲ್ಲಕ್ಕ ಪುಟ್ಟ ಟಾರ್ಚನ್ನು ಕಿಟಕಿಯೊಳಗೆ ಹಿಡಿದಳು. ಸಾಹೇಬರು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರು. ಬೆಂಕಿಕಡ್ಡಿಯ ಮೂರು ಪೆಡಲುಗಳು ಅವರನ್ನೇ ನೋಡುವಂತಿದ್ದವು. ಅವಳು ಹನ್ನೊಂದು ದಿನದ ಕಥೆಯನ್ನು ಹತ್ತು ಮಾತಿನಲ್ಲಿ ಹೇಳಿ ಮುಗಿಸಿದಳು. ಸಾಹೇಬರು ನ್ಯಾಯವಂತರು, ಅಳತೆಗೆ ಸಿಕ್ಕಿದ್ದನ್ನು ಅಲ್ಲಗಳೆಯುವವರಲ್ಲ.

"ಬೇಕಂತಲೇ ಮಾಡಿದ್ದು. ಒಪ್ಪಿದೆ" ಎಂದರು. "ನೀವೇ ಮಾಡಿದ್ದು ಅಂತೀರಿ, ಅದನ್ನೂ ಒಪ್ತೀನಿ. ದಾಖಲೆ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸ್ತೀನಿ. ಆದ್ರೆ ಬೇಕಂತ ಮಾಡಿದ್ರೂ ಅಸಲಿ ಕಾರಿಗೂ ಇದಕ್ಕೂ ಇರೋ ವ್ಯತ್ಯಾಸ ವ್ಯತ್ಯಾಸವೇ. ಈ ಕಾಲಮಿನಲ್ಲಿ 'ಇಲ್ಲ' ಅಂತ ಮೂವತ್ತು ವರ್ಷದಲ್ಲಿ ಯಾರೂ ಬರೆದಿಲ್ಲಮ್ಮ. ನಿಮ್ಮಣ್ಣನೂ ಬರೆದಿಲ್ಲ."

"ಅಣ್ಣ ಬರೆಯೋ ಹಾಗಿರಲಿಲ್ಲ. ಅದು ಬೇಕಂತ ಮಾಡಿದ್ದು ಅಂತ ಅವನಿಗೆ ಗೊತ್ತಿರಲಿಲ್ಲ."

"ಹಟ ಬೇಡ. ಹೆಸರು ಬೇಕು ಅಂದ್ರೆ ದೋಷ ಬರೀರಿ. ದೋಷ ಬರೆಯಲ್ಲ ಅಂದ್ರೆ ಆ ಹೆಸರನ್ನ ನಾನು ಮಾನ್ಯ ಮಾಡೋಕಾಗಲ್ಲ. ಎರಡರಲ್ಲಿ ಒಂದು."

ಸುತ್ತಲಿನ ಮೇಜುಗಳವರು ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸಾಹೇಬರು ದೊಡ್ಡ ಉಪಕಾರ ಮಾಡಿದವರಂತೆ ತಮ್ಮ ಪೆನ್ನನ್ನೇ ಮುಂದೆ ಚಾಚಿದರು. ನಲವತ್ತೇಳು ವರ್ಷ ಕಾದ ಹೆಸರು ಒಂದು ಸಾಲಿನ ದೂರದಲ್ಲಿತ್ತು. ಹಲ್ಲಕ್ಕ ಪೆನ್ನು ತೆಗೆದುಕೊಂಡಳು, ಚೀಟಿಯ ಮೇಲೆ ಬಗ್ಗಿದಳು, ತನ್ನ ಹೆಸರಿನ ಮೇಲೆ ಒಂದೇ ಏಟಿಗೆ ಗೀಟು ಎಳೆದಳು. "ಇಲ್ಲ" ಎಂಬುದನ್ನು ಇನ್ನೊಮ್ಮೆ ಒತ್ತಿ ತಿದ್ದಿ ದಪ್ಪಗೆ ಮಾಡಿದಳು.

"ತಗೊಳ್ಳಿ. ಯಾರೋ ಒಬ್ಬರು ಮಾಡಿದ್ದಾರೆ, ಸರಿಯಾಗಿ ಮಾಡಿದ್ದಾರೆ. ಅಷ್ಟು ಗೊತ್ತಾದ್ರೆ ಸಾಕು."

ಸಾಹೇಬರ ಕೈಯಲ್ಲಿ ಕ್ಯಾಲಿಪರ್ ಸುಮ್ಮನೆ ತೆರೆದು ಮುಚ್ಚಿಕೊಂಡಿತು. ಗೀಟು ಎಳೆದ ಹೆಸರಿಗೆ ಅವರ ನಿಯಮಗಳಲ್ಲಿ ಜಾಗವಿರಲಿಲ್ಲ, ದಂಡವೂ ಇರಲಿಲ್ಲ. ಬಾಗಿಲು ತೆರೆಯುವ ಹೊತ್ತಾಯಿತೆಂದು ಗೊಣಗಿಕೊಂಡು ಮುಂದಿನ ಮೇಜಿಗೆ ಹೋದರು. ಹಲ್ಲಕ್ಕ ಗೋಡೆಯ ಬದಿಯಿಂದ ಒಂದು ಸ್ಟೂಲು ಎಳೆದುಕೊಂಡು ಷೆವರ್ಲೆಯ ಪಕ್ಕದಲ್ಲೇ ಕೂತಳು. ಚೀಟಿಯನ್ನು ಯಾರಾದರೂ ಬದಲಾಯಿಸುವುದಿದ್ದರೆ ಅವಳ ಕಣ್ಣೆದುರಿಗೇ ಬದಲಾಯಿಸಬೇಕು.

ಜನ ಬಂದರು. ಓದಿದರು. ಕೆಲವರು ಹಳೆಯ ಅಭ್ಯಾಸದಿಂದ ನಗಲು ಸಿದ್ಧರಾಗಿ ಬಂದು, ದೋಷದ ಕಾಲಮಿನಲ್ಲಿ ನಗುವಂಥದ್ದು ಏನೂ ಸಿಗದೆ ಪೆಚ್ಚಾಗಿ ಮುಂದೆ ಸರಿದರು. ಒಬ್ಬರು "ಇಲ್ಲ ಅಂತೆ! ಏನು ಜಂಬ!" ಎಂದರು. ಹಲ್ಲಕ್ಕ "ಹೌದು" ಎಂದಳು.

ಹನ್ನೊಂದರ ಸುಮಾರಿಗೆ ಖಾಕಿ ಅಂಗಿಯ ಬಸ್ ಡ್ರೈವರೊಬ್ಬ ಬಂದ. ಎಲ್ಲ ಮೇಜುಗಳನ್ನೂ ಒಂದು ಸುತ್ತು ಹಾಕಿ ಹಸಿರು ಷೆವರ್ಲೆಯ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇಷ್ಟೊಂದು ಕಾರಲ್ಲಿ ನಾನು ಹತ್ತಿ ಕೂತು ಸೀದಾ ಓಡಿಸಬಹುದಾದ್ದು ಇದೊಂದೇ ನೋಡಿ" ಎಂದ. "ಯಾರು ಮಾಡಿದ್ದು? ಹೆಸರು ಹೊಡೆದುಹಾಕಿದ್ದಾರಲ್ಲ."

ಹಲ್ಲಕ್ಕ ಉತ್ತರ ಕೊಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವಳ ಬೆನ್ನ ಹಿಂದಿನಿಂದ ಮಾತು ಬಂತು.

"ಇವಳೇ ಮಾಡಿದ್ದು. ನನ್ನ ನಾದಿನಿ. ಎಡಗೈಯವಳು." ಅತ್ತಿಗೆ ಯಾವಾಗ ಬಂದು ನಿಂತಿದ್ದರೋ ತಿಳಿಯದು. ಧ್ವನಿ ಮಾತ್ರ ಸಭಾಂಗಣದ ಆ ತುದಿಗೂ ಕೇಳುವಂತಿತ್ತು.

ಅಳತೆ ಸಾಹೇಬರು ಅವಸರದಲ್ಲಿ ಬಂದರು. "ಅಮ್ಮ, ದಾಖಲೆಯಲ್ಲಿ ನಿಮ್ಮ ಯಜಮಾನರ ಹೆಸರಿದೆ..."

"ಇರಲಿ ಬಿಡಿ. ಅದನ್ನ ಅಳಿಸಿ ಅಂತ ನಾನು ಹೇಳಲ್ಲ, ಅಳಿಸೋಕೂ ಬಿಡಲ್ಲ. ಕೇಳಿದವರಿಗೆ ಮಾತ್ರ ನಾನು ಹೇಳೋದು ಹೀಗೇ" ಎಂದ ಅತ್ತಿಗೆ ನಾದಿನಿಯ ಕಡೆ ತಿರುಗಿದರು. ಮುಖ ಇನ್ನೂ ಬಿಗಿದೇ ಇತ್ತು. "ಸ್ವಲ್ಪ ಆಚೆ ಸರಿಯೇ. ಒಬ್ಬಳೇ ಇಡೀ ಸ್ಟೂಲು ಆಕ್ರಮಿಸ್ಕೊಂಡಿದ್ದೀಯ."

ಹಲ್ಲಕ್ಕ ಸರಿದಳು. ಅರ್ಧ ಅರ್ಧ ಕೂತರೆ ಇಬ್ಬರೂ ಜಾರುವಂಥ ಸ್ಟೂಲು. ಒಬ್ಬರ ಭುಜಕ್ಕೆ ಒಬ್ಬರು ಆನಿಸಿಕೊಂಡೇ ಕೂರಬೇಕಾಯಿತು. ಬಸ್ ಡ್ರೈವರು ಬಗ್ಗಿ, ಟಾರ್ಚು ಕೇಳಿ ಪಡೆದು, ಒಳಗಿನ ಪೆಡಲುಗಳನ್ನು ನೋಡಿ ಶಿಳ್ಳೆ ಹಾಕಿದ. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಸಾಹೇಬರು ಮತ್ತೆ ಬಂದರು. ಈ ಸಲ ದನಿ ತಗ್ಗಿತ್ತು.

"ದೋಷ ಅನ್ನೋದು ಬೇಡ. 'ವ್ಯತ್ಯಾಸ' ಅಂತಾದ್ರೂ ಬರೀಬಹುದಲ್ಲ? ಹೆಸರು ಮತ್ತೆ ಬರೆಸಿಬಿಡೋಣ."

ಹಲ್ಲಕ್ಕ ಅವರು ಚಾಚಿದ ಪೆನ್ನನ್ನು ನೋಡಿದಳು. ಆಮೇಲೆ ಚೀಟಿಯನ್ನು ಬಟ್ಟೆಯ ಅಂಚಿಗೆ ಸಮನಾಗಿ, ನೆಟ್ಟಗೆ ನಿಲ್ಲಿಸಿದಳು.

"ಬೇಡ ಸಾಹೇಬ್ರೇ. ಬರೆದಿರೋದು ಸರಿಯಾಗಿದೆ."